ಏಳು ಹಣ್ಣಿನ ಸಾರು

ಸುಲೋಚನಮ್ಮ ಒಂದು ತುತ್ತು ಅನ್ನ ಬಾಯಿಗಿಟ್ಟು, ಅಗಿಯದೆ ನುಂಗಿ, ತಟ್ಟೆಯನ್ನು ಎರಡು ಬೆರಳಿನಿಂದ ಮುಂದಕ್ಕೆ ತಳ್ಳಿದರು.

“ಯಾಕೆ, ಏನಾಯ್ತು?” ಎಂದರು ಮಹಾದೇವಯ್ಯ.

“ಏನಾಗೋದು? ಬಿಸಿನೀರಿಗೆ ಅರಿಶಿನ ಕದಡಿ ಸಾರು ಅಂತ ಬಡ್ಸವ್ಳೆ ನಿಮ್ಮ ಸೊಸೆ. ನೀವು ಉಣ್ಣಿ, ನಂಗೆ ಬೇಡ.”

ಒಲೆಯ ಮುಂದೆ ನಿಂತಿದ್ದ ಮಾನಸಾ ತಿರುಗಿ ನೋಡಿದಳು. “ಅತ್ತೆ, ಉಪ್ಪು ಡಾಕ್ಟ್ರು ಹೇಳಿದಷ್ಟೇ ಹಾಕ್ಬೇಕಲ್ವಾ? ದಿನಕ್ಕೆ ಅರ್ಧ ಚಮಚ. ಬೆಳಿಗ್ಗೆ ರೊಟ್ಟಿಗೇ ಕಾಲು ಚಮಚ ಹೋಯ್ತು.”

“ಉಪ್ಪಿನ ಮಾತು ಯಾರಾಡಿದ್ರು? ರುಚಿ ಇಲ್ಲ ಅಂದೆ. ಉಪ್ಪೇ ಬೇರೆ, ರುಚಿಯೇ ಬೇರೆ. ನಿಮ್ಮ ಹಾಸನದೋರಿಗೆ ಅದೆಲ್ಲಿ ಗೊತ್ತಾಗ್ಬೇಕು.”

“ಅಜ್ಜಿ, ನಾವೂ ಹಾಸನ ಜಿಲ್ಲೆಯೋರೇ,” ಎಂದಳು ಆರನೇ ಕ್ಲಾಸಿನ ತನುಜಾ.

“ನೀನು ಸುಮ್ನೆ ಉಣ್ಣು. ಅಜ್ಜಿಗೆ ಭೂಗೋಳ ಹೇಳ್ಕೊಡಕ್ಕೆ ಬಂದ್ಲು.”

ಜನವರಿ ಮೂರನೇ ವಾರ. ಆ ಮನೆ ಇರುವುದು ಆಲೂರಿಗೂ ಸಕಲೇಶಪುರಕ್ಕೂ ನಡುವೆ, ಹೆದ್ದಾರಿಯಿಂದ ಎರಡು ಮೈಲಿ ಒಳಗೆ. ಮೂರು ಎಕರೆ ಕಾಫಿ, ಒಂದಿಷ್ಟು ಮೆಣಸು, ಎರಡು ಹಸು. ಮಗ ಸಂಜಯ್ ಸಕಲೇಶಪುರದಲ್ಲಿ ಪಂಪ್‌ಸೆಟ್ಟು, ಪೈಪಿನ ಅಂಗಡಿ ಇಟ್ಟುಕೊಂಡಿದ್ದ. ಹದಿನೈದು ದಿನದ ಹಿಂದೆ ಸುಲೋಚನಮ್ಮ ಕಣದಲ್ಲಿ ಒಣಗುತ್ತಿದ್ದ ಕಾಫಿ ಹಣ್ಣನ್ನು ಕಾಲಿನಿಂದ ತಿರುವಿ ಹಾಕುತ್ತಿದ್ದವರು ಇದ್ದಕ್ಕಿದ್ದಂತೆ ಕೂತುಬಿಟ್ಟಿದ್ದರು. ಬಾಯಿ ಎಡಕ್ಕೆ ಎಳೆದಿತ್ತು. ಮಾತು ತೊದಲಿತ್ತು. ಸಂಜಯ್ ಜೀಪು ಮಾಡಿಕೊಂಡು ಸಕಲೇಶಪುರಕ್ಕೆ ಕರೆದೊಯ್ದು ಆಸ್ಪತ್ರೆಯಲ್ಲಿ ಮಲಗಿಸುವಷ್ಟರಲ್ಲಿ ಬಾಯಿ ತಾನಾಗಿ ನೆಟ್ಟಗಾಗಿತ್ತು. “ಇದು ಎಚ್ಚರಿಕೆ ಕೊಟ್ಟು ಹೋಗಿದೆ,” ಎಂದಿದ್ದರು ಡಾಕ್ಟರು. “ಬಿಪಿ ನೂರ ತೊಂಬತ್ತಿದೆ. ಮಾತ್ರೆ ನಾನು ಕೊಡ್ತೀನಿ, ಉಪ್ಪು ನೀವು ಬಿಡ್ಬೇಕು. ಇನ್ನೊಂದು ಸಲ ಹೀಗಾದ್ರೆ ಬಾಯಿ ವಾಪಸ್ ಬರುತ್ತೆ ಅಂತ ನಾನು ಹೇಳಲ್ಲ.”

ಬೇರೆ ಯಾರಿಗಾದರೂ ಇದು ಇಷ್ಟು ಕಷ್ಟವಾಗುತ್ತಿರಲಿಲ್ಲವೇನೋ. ಆದರೆ ಸುತ್ತಲ ನಾಲ್ಕು ಹಳ್ಳಿಯಲ್ಲಿ ಯಾರ ಮನೆ ಮದುವೆಯಾದರೂ ಸಾರಿನ ಹಂಡೆ ಇಳಿಸುವ ಮುಂಚೆ ಸುಲೋಚನಮ್ಮನನ್ನು ಕರೆಯುತ್ತಿದ್ದರು. ಅವರು ಬಂದು ಸೌಟಿನಿಂದ ಅಂಗೈಗೆ ಎರಡು ಹನಿ ಬಿಟ್ಟುಕೊಂಡು ನೆಕ್ಕಿ, “ಹೂಂ, ಬಡಿಸ್ರಿ” ಅನ್ನಬೇಕು. ಆಮೇಲೆಯೇ ಪಂಕ್ತಿ. ಅಂಥವರ ಮುಂದೆ ಸಪ್ಪೆ ಸಾರು ಬಡಿಸುವ ಕೆಲಸ ಮಾನಸಾಗೆ ಬಂದಿತ್ತು. ಅವಳು ಚಮಚದ ಮೇಲಿನ ಉಪ್ಪನ್ನು ಚಾಕುವಿನಿಂದ ಸವರಿ ಮಟ್ಟ ಮಾಡಿಯೇ ಹಾಕುತ್ತಿದ್ದಳು. ಹಾಕಿದ ಮೇಲೂ, ಈಗ ಹಾಕಿದ್ದು ಎರಡನೇ ಸಲವೇನೋ ಎಂದು ಅನುಮಾನವಾಗಿ ನಿಂತುಬಿಡುತ್ತಿದ್ದಳು.

ಮರುದಿನ ಬೆಳಿಗ್ಗೆ ತನುಜಾ ಕೊಟ್ಟಿಗೆಯಿಂದ ಓಡಿ ಬಂದಳು.

“ಅಮ್ಮಾ, ಅಜ್ಜಿ ಹಸುವಿನ ಉಪ್ಪು ತಿಂತಾ ಅವ್ರೆ!”

ಬೂಸಾಕ್ಕೆ ಹಾಕಲು ಡಬ್ಬದಲ್ಲಿಟ್ಟಿದ್ದ ಕಲ್ಲುಪ್ಪು. ಸುಲೋಚನಮ್ಮನ ಕೆನ್ನೆ ಒಂದು ಕಡೆ ಉಬ್ಬಿತ್ತು. ಹಲ್ಲುಜ್ಜುತ್ತಿದ್ದ ಸಂಜಯ್ ಬ್ರಷ್ ಬಾಯಲ್ಲೇ ಇಟ್ಟುಕೊಂಡು ಬಂದ.

“ಅಮ್ಮ, ಉಗಿ. ಮೊದಲು ಉಗಿ ಅದನ್ನ.”

ಅವರು ಉಗಿಯಲಿಲ್ಲ. ನುಂಗಿಕೊಂಡರು.

“ನಾಚಿಕೆ ಆಗಲ್ವಾ ನಿಂಗೆ? ಹಸು ಗೌರಿ ಬಾಯಿಗೆ ಹಾಕೋದನ್ನ ನೀನು...”

“ಗೌರಿಗಾದ್ರೂ ಈ ಮನೇಲಿ ಒಂದು ಹಿಡಿ ಉಪ್ಪು ಐತೆ ಕಣೋ. ನಂಗೆ ಅದೂ ಇಲ್ಲ.”

ಅವತ್ತಿನಿಂದ ಸಂಜಯ್ ಮನೆಯ ಉಪ್ಪನ್ನೆಲ್ಲ, ಕೊಟ್ಟಿಗೆಯದೂ ಸೇರಿ, ಒಂದು ಚೀಲಕ್ಕೆ ತುಂಬಿ, ದಿನಾ ಬೆಳಿಗ್ಗೆ ಬೈಕಿನ ಡಬ್ಬಿಯಲ್ಲಿಟ್ಟುಕೊಂಡು ಅಂಗಡಿಗೆ ಒಯ್ಯತೊಡಗಿದ. ರಾತ್ರಿ ವಾಪಸ್ ತರುತ್ತಿದ್ದ.

“ಮಧ್ಯಾಹ್ನದ ಅಡುಗೆಗೆ ನಾನೇನು ಮಾಡ್ಲಿ?” ಎಂದಳು ಮಾನಸಾ.

“ಎಲ್ರೂ ಸಪ್ಪೆ ಉಣ್ಣಿ. ಸಾಯಲ್ಲ.”

“ನೀವು ಹೋಟ್ಲಲ್ಲಿ ಉಂಡು ಬರ್ತೀರಿ, ನಿಮಗೇನು.”

ಮಹಾದೇವಯ್ಯ ಎರಡು ದಿನ ಸಪ್ಪೆ ಉಂಡರು. ಮೂರನೇ ದಿನ ತಟ್ಟೆಯ ಮುಂದೆ ಕೂತು, “ಹಿಂಗೆ ಎಷ್ಟು ದಿನ?” ಎಂದರು. ಅವರು ಕೇಳಿದ್ದು ಯಾರನ್ನು ಎಂದು ಗೊತ್ತಾಗಲಿಲ್ಲ. ಸುಲೋಚನಮ್ಮನೇ ಉತ್ತರ ಕೊಟ್ಟರು.

“ಉಪ್ಪಿನ ತಪ್ಪಲ್ಲ ಕಣ್ರೀ. ಟೊಮೆಟೊ ತಪ್ಪು. ನಮ್ಮವ್ವ ಆಲೂರು ಸಂತೆಯಿಂದ ತರ್ತಿದ್ಲಲ್ಲ, ನಾಟಿ ಹಣ್ಣು. ಕುಂಬಳಕಾಯಿ ಥರ ಗೆರೆಗೆರೆ, ತೊಟ್ಟಿನ ಸುತ್ತ ಹಸಿರು. ಹಿಸುಕಿದ್ರೆ ಕೈಯಾಗೆ ವಾಸನೆ ಸಂಜೆಗಂಟ ಇರೋದು. ಆ ಹಣ್ಣು ಬಿದ್ರೆ ಸಾರಿಗೆ ಹುಣಸೆಯೂ ಬೇಡ, ಉಪ್ಪೂ ಬೇಡ. ಈಗ ಬರೋದು ರಬ್ಬರ್ ಚೆಂಡು. ನೆಲಕ್ಕೆ ಹಾಕಿದ್ರೆ ಪುಟಿಯುತ್ತೆ. ಇದರಾಗೆ ಸಾರು ಮಾಡಿದ್ರೆ ಉಪ್ಪಲ್ದೆ ಇನ್ನೇನು ರುಚಿ ಕೊಡ್ಬೇಕು?”

ಮಹಾದೇವಯ್ಯ ಅನ್ನ ಕಲೆಸುವುದನ್ನು ನಿಲ್ಲಿಸಿದರು.

“ಆ ಹಣ್ಣು ತಂದುಕೊಟ್ರೆ ಉಪ್ಪು ಬಿಡ್ತೀಯಾ?”

“ಬಿಡ್ತೀನಿ.”

“ನನ್ನ ಮೇಲೆ ಆಣೆ?”

“ನಿಮ್ಮ ಮೇಲೆ ಆಣೆ ಯಾಕೆ, ಲಿಂಗದ ಮೇಲೆ ಆಣೆ.”

“ಹಂಗಾದ್ರೆ ನಾನೇ ಬೆಳೀತೀನಿ.”

ಮಾನಸಾ ಮೆಲ್ಲಗೆ, “ಮಾವ, ಈಗ ಬೀಜ ಹಾಕಿದ್ರೆ ಹೂ ಬರೋದು ಮಾರ್ಚ್ ಕೊನೆಗೆ. ಆ ಬಿಸಿಲಿಗೆ ಟೊಮೆಟೊ ಹೂ ಕಚ್ಚಲ್ಲ ಅಂತಾರೆ. ಮೊದಲಿನ ಹಾಗಿಲ್ಲ ಈಗ, ಹೋದ ವರ್ಷ ಇಲ್ಲೇ ಮೂವತ್ತೇಳು ಡಿಗ್ರಿ...” ಎಂದಳು.

“ನಲವತ್ತೈದು ವರ್ಷ ಕಾಫಿ ಬೆಳೆದೋನು ನಾನು. ಒಂದು ಟೊಮೆಟೊ ಗಿಡ ಬೆಳೆಯಕ್ಕಾಗಲ್ವಾ ಮಾರಾಯ್ತಿ?”

*

ಬೀಜ ಸಿಕ್ಕಿದ್ದು ಹಾನುಬಾಳಿನ ಹತ್ತಿರ, ಚೌಡಮ್ಮನ ಮನೆಯಲ್ಲಿ. ಹಿಂದೆ ಹತ್ತಾರು ವರ್ಷ ಇವರ ತೋಟಕ್ಕೆ ಕಾಫಿ ಕುಯ್ಯಲು ಬರುತ್ತಿದ್ದವಳು. ಈಗ ಮೊಣಕಾಲು ಹಿಡಿದು ಮನೆಯಲ್ಲೇ ಇದ್ದಳು. ಮಹಾದೇವಯ್ಯ ಎರಡು ಬಸ್ಸು ಬದಲಿಸಿ ಹೋದರು. ಚೌಡಮ್ಮ ಅಟ್ಟದಿಂದ ಒಂದು ಬೆರಣಿ ತೆಗೆದಳು. ಹಣ್ಣಿನ ಬೀಜವನ್ನು ಹಸಿ ಸಗಣಿಗೆ ಒತ್ತಿ ಒಣಗಿಸಿ ಇಟ್ಟಿದ್ದಳು. ಅರ್ಧ ಮುರಿದು ಕೊಟ್ಟಳು.

“ಅಯ್ನೋರೆ, ಇದು ಮಳೆ ಹೋದ್ಮೇಲೆ ಹಾಕೋ ಗಿಡ. ಬ್ಯಾಸ್ಗೇಲಿ ಯಾಕೆ ಇದರ ಸಾವಾಸ?”

“ಅವಳ ಬಾಯಿ ಕೆಟ್ಟೈತೆ ಚೌಡಮ್ಮ. ಇದಿಲ್ದೆ ಉಣ್ಣಲ್ಲ ಅಂತಾಳೆ.”

“ಹಂಗಾರೆ ದಿನಾ ಒಂದೇ ಸಮ ನೀರು ಕೊಡಿ. ಬುಡಕ್ಕೆ. ಒಂದಿನ ಜಾಸ್ತಿ ಒಂದಿನ ಕಮ್ಮಿ ಮಾಡ್ಬ್ಯಾಡಿ.”

“ಆಯ್ತಾಯ್ತು,” ಎಂದರು ಮಹಾದೇವಯ್ಯ. ನೀರಿನ ವಿಷಯ ತಮಗೆ ಯಾರೂ ಹೇಳಿಕೊಡಬೇಕಿಲ್ಲ ಎಂದು ಅವರ ಮುಖವೇ ಹೇಳುತ್ತಿತ್ತು.

ಫೆಬ್ರವರಿ ಕೊನೆಯಲ್ಲಿ ಕಾಫಿ ಮೂಟೆಯಾಗಿ ಕಣ ಖಾಲಿಯಾಯಿತು. ಕಣದ ಅಂಚಿನಲ್ಲಿ ಹದಿನೆಂಟು ಸಸಿ ನೆಟ್ಟರು. ಮದುವೆಯಾದಾಗಿನಿಂದ ಅಡುಗೆಮನೆಗೆ ಒಂದು ಕಟ್ಟು ಸೊಪ್ಪನ್ನೂ ಕೈಯಾರೆ ತಂದುಕೊಡದ ಮನುಷ್ಯ ಈಗ ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹದಿನೆಂಟೂ ಗಿಡದ ಮುಂದೆ ನಿಂತು ಬರುತ್ತಿದ್ದರು. ಸಂಜೆ ಸುಲೋಚನಮ್ಮನನ್ನೂ ಕರೆಯುತ್ತಿದ್ದರು.

“ಬಾ ಇಲ್ಲಿ. ಮೂರನೇದು ನೋಡು, ಹೆಂಗೆ ಕವಲೊಡೆದೈತೆ.”

“ನನ್ನ ಬಾಣಂತನದಾಗೂ ಇಷ್ಟು ಸಲ ಬಂದು ನೋಡ್ಲಿಲ್ಲ ನೀವು.”

“ಆಗ ನಿಮ್ಮವ್ವ ಬಾಗಿಲಲ್ಲೇ ಕೂತಿರ್ತಿದ್ಲು. ಹೆಂಗೆ ಬರ್ಲಿ?”

ಅವರಿಬ್ಬರೂ ನಗುವುದು ಅಡುಗೆಮನೆಗೆ ಕೇಳಿಸುತ್ತಿತ್ತು. ಒಳಗೆ ಬಂದ ಮೇಲೆ ಮತ್ತೆ ಅದೇ. “ಪಲ್ಯಕ್ಕೆ ಒಗ್ಗರಣೆ ಹಾಕಿದ್ಯೋ ಇಲ್ವೋ?” “ಹಾಕಿದೀನಿ ಅತ್ತೆ.” “ಹಾಕಿದ್ರೆ ಗೊತ್ತಾಗ್ತಿರ್ಲಿಲ್ವಾ?” ಮಾನಸಾ ತಾನೇ ಒಂದು ಚೂರು ಬಾಯಿಗೆ ಹಾಕಿಕೊಂಡು ನೋಡುತ್ತಿದ್ದಳು. ಇಂಗಿತ್ತು, ಕರಿಬೇವಿತ್ತು. ಆದರೂ ಅತ್ತೆ ಅಷ್ಟು ಖಂಡಿತವಾಗಿ ಹೇಳಿದಾಗ ತನ್ನ ನಾಲಿಗೆಯ ಮೇಲೆಯೇ ಅವಳಿಗೆ ನಂಬಿಕೆ ಹೋಗುತ್ತಿತ್ತು.

*

ಮಾರ್ಚ್ ಕೊನೆಯಲ್ಲಿ ಟೊಮೆಟೊ ಹಳದಿ ಹೂ ಬಿಟ್ಟಿತು. ಅದಕ್ಕೆ ವಾರದ ಮುಂಚಿನಿಂದಲೇ ಮಹಾದೇವಯ್ಯ ನೀರು ನಿಲ್ಲಿಸಿದ್ದರು.

“ಮಾವ, ಎಲೆ ಮುದುಡ್ತಿದೆ,” ಎಂದಳು ಮಾನಸಾ.

“ಮುದುಡ್ಲಿ. ಗಿಡ ಬಾಯಾರ್ಬೇಕು. ಕಾಫಿ ಗಿಡ ನೋಡಿಲ್ವಾ? ಬಾಯಾರಿ ಬಾಯಾರಿ ನಿಂತಿರುತ್ತೆ, ಆಮೇಲೆ ಒಂದೇ ಸಲ ಹೂಮಳೆ ಕೊಡ್ಬೇಕು. ಆಗ ನೋಡು, ಗೆಲ್ಲು ಕಾಣ್ದಂಗೆ ಹೂವು.”

ಆ ವಾರ ಆಕಾಶದಿಂದ ಹೂಮಳೆ ಬರಲಿಲ್ಲ. ಅವರು ಹೊಂಡದ ನೀರಿಗೆ ಪಂಪು ಹಚ್ಚಿ ಕಾಫಿಗೆ ಜೆಟ್ಟಿನಿಂದ ಮಳೆಯಂತೆ ನೀರು ಹೊಡೆಸಿದರು. ತೋಟದ ಕೆಲಸ ಮುಗಿದ ಮೇಲೆ ಅದೇ ಜೆಟ್ಟನ್ನು ಕಣದ ಅಂಚಿಗೆ ಹೊತ್ತು ತಂದು, ಟೊಮೆಟೊದ ತಲೆಯ ಮೇಲೆ ಎರಡು ಗಂಟೆ ತಿರುಗಿಸಿದರು. ನೀರು ಚಟಚಟ ಬೀಳುತ್ತಿದ್ದಾಗ ಅವರು ಕೈಕಟ್ಟಿ ನಿಂತು ತೃಪ್ತಿಯಿಂದ ನೋಡಿದರು.

ಮೂರನೇ ದಿನ ಹೂವೆಲ್ಲ ತೊಟ್ಟಿನ ಸಮೇತ ಉದುರಿತು. ಅವರು ಒಂದೊಂದನ್ನೇ ಆರಿಸಿ ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು. ಚೌಡಮ್ಮನಿಗೆ ಫೋನು ಹೋಯಿತು. ಅವಳ ದನಿ ಜಗುಲಿಗೆಲ್ಲ ಕೇಳಿಸಿತು.

“ಜೆಟ್ಟಾ? ಅಯ್ಯೋ ಅಯ್ನೋರೆ, ನೀವು ಅದನ್ನೇನು ರೊಬಸ್ಟಾ ಕಾಫಿ ಅಂದ್ಕೊಂಬುಟ್ರಾ? ಒಣಗ್ಸಿ ಒಣಗ್ಸಿ ತಲೆ ಮ್ಯಾಲೆ ನೀರು ಹುಯ್ದ್ರೆ ಅದು ಹೂ ಹಿಡ್ಕತದಾ? ಮನುಷ್ಯನ್ನೇ ಉಪವಾಸ ಕೆಡವಿ ಒಂದೇ ಸಲ ಹೊಟ್ಟೆ ಬಿರಿಯಂಗೆ ಉಣ್ಣಿಸಿದ್ರೆ ಏನಾಯ್ತದೆ?”

ಮಹಾದೇವಯ್ಯ ಫೋನು ಇಟ್ಟು ಯಾರ ಮುಖವನ್ನೂ ನೋಡಲಿಲ್ಲ.

“ಹೋಗ್ಲಿ ಬಿಡಿ,” ಎಂದರು ಸುಲೋಚನಮ್ಮ. “ಉಪ್ಪು ಕೊಟ್ಬುಡಿ, ಮುಗೀತು.”

“ಇಲ್ಲ. ಇನ್ನೊಂದು ಸಲ ಹೂ ಬರುತ್ತೆ.”

ಅದಾದ ವಾರಕ್ಕೆ ಕಾಫಿ ಅರಳಿತು. ಬೆಳಿಗ್ಗೆ ಎದ್ದಾಗ ಗುಡ್ಡವೆಲ್ಲ ಬೆಳ್ಳಗೆ. ವಾಸನೆ ಕಿಟಕಿಯಿಂದ, ಹೆಂಚಿನ ಸಂದಿಯಿಂದ ಒಳಗೆ ನುಗ್ಗಿತ್ತು. ತನುಜಾ ತಲೆನೋವು ಎಂದು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಓಡಾಡುತ್ತಿದ್ದಳು. ಸುಲೋಚನಮ್ಮ ಸ್ನಾನ ಮಾಡಿ, ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿ, ಇನ್ನೂ ಹೊರಗೆ ಕಾಲಿಡದೆ, ಅಡುಗೆಮನೆಗೆ ಬಂದು ಕಾಫಿ ಲೋಟ ತೆಗೆದುಕೊಂಡರು. ಅಡುಗೆಮನೆಯ ಕಿಟಕಿ ಕೊಟ್ಟಿಗೆಯ ಕಡೆಗಿತ್ತು, ಅಲ್ಲಿಂದ ತೋಟ ಕಾಣುತ್ತಿರಲಿಲ್ಲ.

“ಜೆಟ್ ಹೊಡೆಸಿ ಎಷ್ಟು ದಿನ ಆಯ್ತೇ ಮಾನಸಾ? ಈ ಸಲ ಹೂ ಇನ್ನೂ ಅರಳ್ಲೇ ಇಲ್ವಲ್ಲ.”

ಮಾನಸಾ ಹಿಟ್ಟು ಕಲೆಸುತ್ತಿದ್ದ ಕೈಯನ್ನು ನಿಲ್ಲಿಸಿದಳು. ಅತ್ತೆ ಲೋಟಕ್ಕೆ ತುಟಿ ಹಚ್ಚಿ ಕೂತಿದ್ದರು. ತಮಾಷೆ ಮಾಡುತ್ತಿರಲಿಲ್ಲ.

“ಅರಳಿದೆ ಅತ್ತೆ,” ಎಂದಳು. “ಇವತ್ತೇ.”

ಸುಲೋಚನಮ್ಮ ಲೋಟ ಕೆಳಗಿಟ್ಟು ಅವಳನ್ನೇ ನೋಡಿದರು. ಆಮೇಲೆ, “ನೆಗಡಿ ಕಣೇ ನಂಗೆ. ಮೂಗು ಕಟ್ಟೈತೆ,” ಎಂದು ಎದ್ದು ಹೋದರು.

ಅವರಿಗೆ ನೆಗಡಿ ಇರಲಿಲ್ಲ.

*

ಏಪ್ರಿಲ್‌ನಲ್ಲಿ ಕಣದ ಸಿಮೆಂಟಿನ ಮೇಲೆ ಬರಿಗಾಲಿಡಲು ಆಗುತ್ತಿರಲಿಲ್ಲ. ಆ ಕಾವು ಗಿಡಗಳಿಗೂ ಬಡಿಯುತ್ತಿತ್ತು. ಹದಿನೆಂಟರಲ್ಲಿ ಏಳು ಗಿಡ ಒಣಗಿದವು. ಮಾನಸಾ ಸ್ಟೋರಿನಲ್ಲಿದ್ದ ಕಾಫಿ ನರ್ಸರಿಯ ಹಸಿರು ನೆಟ್ಟನ್ನು ತಂದು ಬಿದಿರು ಗಳಕ್ಕೆ ಕಟ್ಟಿ, ಮಧ್ಯಾಹ್ನದ ಮೇಲಿನ ಬಿಸಿಲಿಗೆ ಮರೆ ಮಾಡಿದಳು. ಮಹಾದೇವಯ್ಯ ಬುಡಕ್ಕೆ ತರಗೆಲೆ ಹಾಸಿದರು. ಒಂದು ದಿನ ಸಂಜಯ್ ಅಂಗಡಿಯಿಂದ ಸಣ್ಣ ಡ್ರಿಪ್ ಪೈಪಿನ ಸುರುಳಿ ತಂದು ಜಗುಲಿ ಮೇಲೆ ಎಸೆದ.

“ಇದೇನು?” ಎಂದರು ಮಹಾದೇವಯ್ಯ.

“ಮಿಕ್ಕಿದ್ದು. ಎಸೆಯೋ ಬದಲು ತಂದೆ. ಅಪ್ಪ, ನಂಗೊಂದು ಅರ್ಥ ಆಗಲ್ಲ. ಹನ್ನೊಂದು ಗಿಡಕ್ಕೆ ಇಷ್ಟು ನೀರು, ಇಷ್ಟು ನೆಟ್ಟು. ಸಂತೇಲಿ ಎರಡು ಕೇಜಿ ತಂದು ಹಾಕಿದ್ರೆ ಆಗಲ್ವಾ?”

“ನಿನ್ನ ಸಂತೆ ಹಣ್ಣು ತಿಂದೇ ನಿಮ್ಮಮ್ಮ ಹಸುವಿನ ಉಪ್ಪಿಗೆ ಕೈ ಹಾಕಿದ್ದು.”

“ಹಂಗಾದ್ರೆ ಬೆಳೀರಿ. ಅಲ್ಲಿವರೆಗೆ ಅವಳಿಗೆ ಏನಾದ್ರೂ ಆದ್ರೆ?”

ಹಿಂದಿನ ದಿನ ಆಸ್ಪತ್ರೆಯಲ್ಲಿ ಸುಲೋಚನಮ್ಮನ ಬಿಪಿ ನೂರ ಎಪ್ಪತ್ತೆಂಟು ತೋರಿಸಿತ್ತು. ಅವರು ಎಲ್ಲೋ ಉಪ್ಪು ತಿನ್ನುತ್ತಿದ್ದರು. ಪಕ್ಕದ ಮನೆಯ ಕಮಲಮ್ಮನ ಹತ್ತಿರ ಮಜ್ಜಿಗೆ ಕುಡಿಯಲು ಹೋಗುತ್ತಾರೆ, ಅಲ್ಲಿ ಹಾಕಿಸಿಕೊಳ್ಳುತ್ತಾರೆ ಎಂದು ತನುಜಾ ಪತ್ತೆ ಮಾಡಿದಳು. ಸಂಜಯ್ ಕಮಲಮ್ಮನ ಮನೆಗೆ ಹೋಗಿ ಕೈಮುಗಿದು ಬಂದ. ಕಮಲಮ್ಮ, “ಒಂದು ಲೋಟ ಮಜ್ಜಿಗೆಗೂ ಕಾವಲು ಹಾಕ್ತೀಯಲ್ಲೋ ಸಂಜಯ,” ಎಂದು ಅತ್ತಳಂತೆ.

ಎರಡನೇ ಸಲ ಹೂ ಬಂದಾಗ ಮಹಾದೇವಯ್ಯ ಬೆಳಿಗ್ಗೆ ಬಿಸಿಲೇರುವ ಮುಂಚೆ ಒಂದೊಂದು ಹೂಗೊಂಚಲಿಗೂ ಬೆರಳಿನಿಂದ ಮೆಲ್ಲಗೆ ತಟ್ಟುತ್ತಿದ್ದರು. ಹಾಗೆ ಮಾಡಿದರೆ ಕಾಯಿ ಕಚ್ಚುತ್ತದೆ ಎಂದು ಯಾರೋ ಹೇಳಿದ್ದರು. ಎಪ್ಪತ್ತು ದಾಟಿದ ಮನುಷ್ಯ ಸೊಂಟ ಬಗ್ಗಿಸಿ, ಉಸಿರು ಬಿಗಿಹಿಡಿದು ಹೂವಿಗೆ ತಟ್ಟುವುದನ್ನು ಮಾನಸಾ ಹಿತ್ತಲ ಬಾಗಿಲಿಂದ ನೋಡುತ್ತಿದ್ದಳು. ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದಳು. ಏನೆಂದು ಹೇಳುವುದು? ತನಗೆ ಗೊತ್ತಿರುವುದಾದರೂ ಏನು? ಒಂದು ಬೆಳಿಗ್ಗೆ ಅತ್ತೆಗೆ ಕಾಫಿ ಹೂವಿನ ವಾಸನೆ ಬರಲಿಲ್ಲ, ಅಷ್ಟೇ.

ಮೊದಲು ಕಚ್ಚಿದ ಕಾಯಿ ಇಪ್ಪತ್ತಾರು. ಮಂಗ ಒಂಬತ್ತು ಒಯ್ದಿತು. ಮೇ ಮೂರನೇ ವಾರ ಅಡ್ಡಮಳೆ ಹೊಡೆದು, ಹಣ್ಣಾಗುತ್ತಿದ್ದವು ಸೀಳಿ ಇರುವೆ ಮುತ್ತಿದವು. ಕೊನೆಗೆ ಗಿಡದಲ್ಲೇ ಹಣ್ಣಾಗಿ, ಸೀಳದೆ ಉಳಿದದ್ದು ಏಳು. ಕುಂಬಳಕಾಯಿಯಂತೆ ಗೆರೆಗೆರೆ, ತೊಟ್ಟಿನ ಸುತ್ತ ಹಸಿರು. ಮಹಾದೇವಯ್ಯ ಅವನ್ನು ಪಂಚೆಯ ಮಡಿಲಲ್ಲಿ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಒಂದೊಂದಾಗಿ ಇಟ್ಟರು.

“ಫ್ರಿಜ್ಜಲ್ಲಿ ಇಡ್ಬೇಡ ಕಣವ್ವ. ಇವತ್ತೇ ಮಾಡು.”

*

ಭಾನುವಾರ. ಸಂಜಯ್ ಮನೆಯಲ್ಲಿದ್ದ. ಮಾನಸಾ ಹಣ್ಣನ್ನು ಕೈಯಲ್ಲೇ ಕಿವುಚಿದಳು. ಹಸಿರೆಲೆಯ ಘಾಟಿನಂಥ ವಾಸನೆ ನಡುಮನೆಯವರೆಗೂ ಹೋಯಿತು. ಬೇಳೆ ಕಟ್ಟು, ಸ್ವಲ್ಪ ಜೀರಿಗೆ, ಬೆಳ್ಳುಳ್ಳಿ. ಉಪ್ಪು ಒಂದು ಚಿಟಿಕೆ, ಎಲ್ಲರಿಗೂ ಸೇರಿ.

ತನುಜಾ ಮೊದಲ ತುತ್ತಿಗೇ, “ಅಮ್ಮಾ, ಇದೇನಿದು!” ಎಂದು ತಟ್ಟೆ ನೆಕ್ಕಿದಳು. ಸಂಜಯ್ ಎರಡು ಸಲ ಹಾಕಿಸಿಕೊಂಡ. “ಅಪ್ಪ, ಇದಕ್ಕೆ ಉಪ್ಪೇ ಬೇಕಿಲ್ಲ ಕಣಪ್ಪ, ನಿಜ,” ಎಂದ. ಮಾನಸಾ ಒಲೆಯ ಹತ್ತಿರವೇ ಅಂಗೈಗೆ ಬಿಟ್ಟುಕೊಂಡು ನೆಕ್ಕಿದಳು. ಹುಳಿ, ಅದರ ಹಿಂದೆ ಸಿಹಿ, ಅದರ ಹಿಂದೆ ಇನ್ನೇನೋ. ಇಷ್ಟು ವರ್ಷ ತಾನು ಮಾಡಿದ ಸಾರೆಲ್ಲ ಸಾರೇ ಅಲ್ಲವೇನೋ ಅನ್ನಿಸಿತು.

ಮಹಾದೇವಯ್ಯ ಊಟಕ್ಕೆ ಕೂತಿರಲಿಲ್ಲ. ಸುಲೋಚನಮ್ಮನ ಎದುರು ಗೋಡೆಗೆ ಒರಗಿ ನಿಂತಿದ್ದರು.

ಸುಲೋಚನಮ್ಮ ಕಲೆಸಿದರು. ತುತ್ತು ಬಾಯಿಗಿಟ್ಟರು. ಅಗಿದರು. ಕಣ್ಣು ಒಮ್ಮೆ ಮೊಮ್ಮಗಳ ಕಡೆ, ಒಮ್ಮೆ ಮಗನ ಕಡೆ ಹೋಯಿತು.

“ಹೆಂಗೈತೆ?”

“ಇದೇ ಕಣ್ರೀ,” ಎಂದರು ಸುಲೋಚನಮ್ಮ. “ನಮ್ಮವ್ವನ ಹಣ್ಣು. ಇದೇ.”

“ಉಪ್ಪು ಬೇಕಾ?”

“ಯಾಕೆ ಬೇಕು?”

ಮಹಾದೇವಯ್ಯ ಹಿತ್ತಲಿಗೆ ಹೋಗಿ ನಲ್ಲಿ ತಿರುಗಿಸಿ ಬಹಳ ಹೊತ್ತು ಮುಖ ತೊಳೆದುಕೊಂಡರು.

ಪಾತ್ರೆ ಎತ್ತುವಾಗ ಅಡುಗೆಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಇದ್ದರು. ಮಾನಸಾ ದನಿ ತಗ್ಗಿಸಿ, “ಅತ್ತೆ, ನಿಜ ಹೇಳಿ. ಗೊತ್ತಾಯ್ತಾ?” ಎಂದಳು.

“ಏನು?”

“ರುಚಿ.”

ಸುಲೋಚನಮ್ಮ ಹಿತ್ತಲ ನಲ್ಲಿಯ ಕಡೆ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದರು.

“ಆ ಕೊರೊನಾ ಜ್ವರ ಬಂದು ಹೋಯ್ತಲ್ಲ, ಅವತ್ತಿಂದ ಇಲ್ಲ ಕಣೇ. ಮೂಗೂ ಇಲ್ಲ, ನಾಲಿಗೆಯೂ ಇಲ್ಲ. ಇವತ್ತು ಬರ್ಬೋದು ನಾಳೆ ಬರ್ಬೋದು ಅಂತ ಕಾದೆ. ಮಣ್ಣು ತಿಂದಂಗೆ ತಿಂತಿದೀನಿ.”

“ಮತ್ತೆ ನನ್ನ ಅಡುಗೆಗೆ ಬೈತಿದ್ರಲ್ಲ ಅತ್ತೆ.”

“ಇನ್ನೇನು ಮಾಡ್ಲಿ? ಚೆನ್ನಾಗೈತೆ ಅಂದ್ರೆ ಅದರಾಗೆ ಏನು ಚೆನ್ನಾಗೈತೆ ಅಂತ ಕೇಳ್ತಾರೆ. ಬೈದ್ರೆ ಯಾರೂ ಏನೂ ಕೇಳಲ್ಲ.” ಅವರು ಸೆರಗಿನಿಂದ ಕೈ ಒರೆಸಿಕೊಂಡರು. “ಮೊನ್ನೆ ಜಗದಾಂಬನ ಮಗಳ ಮದ್ವೇಲೂ ಕರೆದ್ರು. ಹೋದೆ. ಅಂಗೈಗೆ ಹಾಕ್ಕೊಂಡು ನೆಕ್ಕಿ, ಬಡಿಸ್ರಿ ಅಂದೆ.”

“ಹಾಗಾದ್ರೆ ಉಪ್ಪು...”

“ಕಲ್ಲುಪ್ಪು ನಾಲಿಗೆ ಮೇಲಿಟ್ರೆ ಚುರ್ ಅನ್ನುತ್ತೆ. ರುಚಿ ಅಲ್ಲ, ಉರಿ. ಖಾರ ತಿಂದ್ರೆ ಹೊಟ್ಟೆ ಹುಣ್ಣು ಕೆರಳುತ್ತೆ. ಇರೋದು ಇದೊಂದೇ. ಬಾಯಿ ಅನ್ನೋದು ಇನ್ನೂ ಐತೆ ಅಂತ ಗೊತ್ತಾಗೋದು ಅದರಾಗೊಂದೇ ಕಣೇ.”

“ಮಾವಂಗೆ ಹೇಳೋಣ ಅತ್ತೆ. ಡಾಕ್ಟ್ರಿಗೂ ಹೇಳೋಣ.”

“ಹೇಳ್ತೀಯಾ? ಹೋಗಿ ಹೇಳು. ಅಲ್ಲಿ ನಿಂತು ಮುಖ ತೊಳ್ಕೊತಾವ್ರೆ, ನೋಡು.”

ಮಾನಸಾ ಹೇಳಲಿಲ್ಲ. ಮರುದಿನ ಕೊಟ್ಟಿಗೆಯ ಹಿಂದಕ್ಕೆ ಹೋಗಿ, ಹಾಸನದಲ್ಲಿ ತವರಿಗೆ ಪರಿಚಯವಿದ್ದ ಕಿವಿ, ಮೂಗಿನ ಡಾಕ್ಟರಿಗೆ ಫೋನು ಮಾಡಿದಳು. ಎಷ್ಟು ವರ್ಷವಾಯಿತು ಎಂದು ಅವರು ಕೇಳಿದರು. ಹೇಳಿದಳು. “ಇಷ್ಟು ವರ್ಷ ಆದ್ಮೇಲೆ ಕಷ್ಟಮ್ಮ. ಕರ್ಕೊಂಡು ಬನ್ನಿ, ನೋಡೋಣ. ಆದ್ರೆ ಬರುತ್ತೆ ಅಂತ ಆಸೆ ಇಟ್ಕೋಬೇಡಿ,” ಎಂದರು.

*

ಹಣ್ಣು ಬಂತು, ಆಣೆಯ ಪ್ರಕಾರ ಉಪ್ಪು ಹೋಯಿತು. ಸಂಜಯ್ ಚೀಲವನ್ನು ಹಗಲು ರಾತ್ರಿ ಅಂಗಡಿಯಲ್ಲೇ ಬಿಟ್ಟ. ನೆಟ್ಟಿನ ಕೆಳಗೆ ಆಮೇಲೆ ಕಚ್ಚಿದ್ದ ಇನ್ನೊಂದಿಷ್ಟು ಕಾಯಿ ಕೆಂಪಗಾದವು. ದಿನಾ ಮಧ್ಯಾಹ್ನ ಎರಡು ಹಣ್ಣು, ದಿನಾ ಅದೇ ಸಾರು. ಮನೆಯವರೆಲ್ಲ ಬಾಯಿ ಚಪ್ಪರಿಸಿ ಉಂಡರು. ಸುಲೋಚನಮ್ಮ ನಾಲ್ಕು ದಿನ ತಟ್ಟೆ ಖಾಲಿ ಮಾಡಿದರು. ಐದನೇ ದಿನ ಅರ್ಧ. ಆಮೇಲೆ, “ಹೊಟ್ಟೆ ತುಂಬೈತೆ” ಎಂದು ಬೇಗ ಏಳುತ್ತಿದ್ದರು. ಕೈಬಳೆ ಮೊಣಕೈವರೆಗೂ ಜಾರತೊಡಗಿತು.

ಜೂನ್ ಮೊದಲ ವಾರ ಆಸ್ಪತ್ರೆಗೆ ಹೋದಾಗ ಬಿಪಿ ನೂರ ನಲವತ್ತೆರಡು ಇತ್ತು.

“ನೋಡಿದ್ರಾ!” ಎಂದರು ಡಾಕ್ಟರು. “ಹೀಗೇ ಮುಂದುವರಿಸಿ.”

“ತೂಕ ನಾಲ್ಕು ಕೇಜಿ ಕಮ್ಮಿಯಾಗಿದೆ ಡಾಕ್ಟ್ರೆ,” ಎಂದಳು ಮಾನಸಾ.

“ಅದೂ ಒಳ್ಳೇದೇ. ಸ್ವಲ್ಪ ಚೆನ್ನಾಗಿ ಊಟ ಮಾಡ್ಲಿ, ಅಷ್ಟೇ.”

ಬಸ್ಸಿನಲ್ಲಿ ಬರುವಾಗ ಮಹಾದೇವಯ್ಯ ಕಿಟಕಿಯ ಪಕ್ಕ ಕೂತಿದ್ದ ಒಬ್ಬ ಅಪರಿಚಿತನಿಗೆ ಟೊಮೆಟೊ ಬೆಳೆಯುವುದು ಹೇಗೆ ಎಂದು ತಾವು ಇಳಿಯುವ ಸ್ಟಾಪಿನವರೆಗೂ ಹೇಳಿದರು. ಜೆಟ್ಟಿನ ವಿಷಯ ಮಾತ್ರ ಹೇಳಲಿಲ್ಲ.

ಅವತ್ತು ಮಧ್ಯಾಹ್ನ ಎಲ್ಲರ ಊಟ ಮುಗಿದರೂ ಸುಲೋಚನಮ್ಮ ಮೇಜಿನ ಮುಂದೆ ಕೂತೇ ಇದ್ದರು. ತಟ್ಟೆಯಲ್ಲಿ ಅನ್ನ ಹಾಗೇ ಇತ್ತು, ಸಾರು ಆರಿ ಅಂಚಿಗೆ ಕೆಂಪು ಗೆರೆ ಕಟ್ಟಿತ್ತು. ಮಾನಸಾ ಪಕ್ಕದ ಕುರ್ಚಿಯಲ್ಲಿ ಕೂತಳು.

“ಎರಡು ತುತ್ತು ಅತ್ತೆ.”

“ಗಂಟಲಿಗೆ ಇಳೀತಿಲ್ಲ ಕಣೇ. ಆಣೆ ಮಾಡಿದ್ದು ನಾನೇ. ಯಾರನ್ನ ಬಯ್ಲಿ?”

ಅವರು ಎಡಗೈಯನ್ನು ಮೇಜಿನ ಕೆಳಗೆ ಚಾಚಿದರು. ಅಂಗೈ ಬಿಡಿಸಿಕೊಂಡಿತ್ತು. ಮುಖ ಗೋಡೆಯ ಕಡೆಗಿತ್ತು.

ಮಾನಸಾ ಎದ್ದು ಹೋಗಿ ಅಡುಗೆಮನೆಯ ನಡುವೆ ನಿಂತಳು. ಬೆಳಿಗ್ಗೆ ಡಾಕ್ಟರು ತೋರಿಸಿದ ಅಂಕಿ ಕಣ್ಣ ಮುಂದೆ ಬಂತು. ಕಣದಲ್ಲಿ ಎಡಕ್ಕೆ ಎಳೆದ ಬಾಯಿಯೂ ಬಂತು. ವಾರದ ಹಿಂದೆ ಹಾಸನದಿಂದ ಬಂದಿದ್ದ ತಂಗಿ ವಾಣಿಯ ಕೈಯಲ್ಲಿ ಅವಳು ಒಂದು ಸಣ್ಣ ಪೊಟ್ಟಣ ಕಲ್ಲುಪ್ಪು ತರಿಸಿ ಅಕ್ಕಿಯ ಡಬ್ಬದ ತಳದಲ್ಲಿ ಹೂತಿಟ್ಟಿದ್ದಳು. ಯಾಕೆ ತರಿಸಿದೆ ಎಂದು ಆಗಲೂ ಗೊತ್ತಿರಲಿಲ್ಲ. ಅಕ್ಕಿಯೊಳಗೆ ಕೈ ಹಾಕಿದಳು. ಮೂರು ಹರಳು ತೆಗೆದಳು. ಒಂದನ್ನು ವಾಪಸ್ ಹಾಕಿದಳು.

ಎರಡು ಹರಳನ್ನು ಅತ್ತೆಯ ಅಂಗೈಯಲ್ಲಿಟ್ಟಾಗ ಆ ಕೈ ತಣ್ಣಗಿತ್ತು. ಸುಲೋಚನಮ್ಮ ಅವನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಆಮೇಲೆ ಅನ್ನ ಕಲೆಸಿ ಒಂದು ತುತ್ತು, ಅದರ ಹಿಂದೆಯೇ ಇನ್ನೊಂದು ತುತ್ತು, ಅವಸರವಾಗಿ ಉಣ್ಣತೊಡಗಿದರು.

ಹೊರಗೆ ಕಣದ ಅಂಚಿನಿಂದ ಮಹಾದೇವಯ್ಯ ಕೂಗಿದರು. “ಏನು, ಉಣ್ತಾವ್ಳಾ? ಇವತ್ತಿನ ಸಾರು ಹೆಂಗೈತಂತೆ?”

ಸುಲೋಚನಮ್ಮನ ಬಾಯಿ ತುಂಬಿತ್ತು. ಅವರು ಸೊಸೆಯ ಮುಖ ನೋಡಿದರು.

“ಚೆನ್ನಾಗಿದೆಯಂತೆ ಮಾವ,” ಎಂದಳು ಮಾನಸಾ. “ಇನ್ನೂ ಸ್ವಲ್ಪ ಹಾಕಿಸ್ಕೊಂಡ್ರು.”